ಬೆಲ್ಲ ಹೆಚ್ಚಾಗಿದೆ

ಹೊಸ ಅಂಗಡಿಗೆ ಅದರದೇ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಪೂರ್ತಿ ಒಣಗದ ಬಣ್ಣ, ಊದುಬತ್ತಿ, ಚೆಂಡುಹೂವು, ರಟ್ಟಿನ ಪೆಟ್ಟಿಗೆ, ಇವೆಲ್ಲ ಸೇರಿದ ವಾಸನೆ. ಮೊನ್ನೆ ದಾವಣಗೆರೆಯಲ್ಲಿ ಮಗಳ ಮನೆಯಿಂದ ಹಾಲು ತರಲು ಹೊರಟವಳಿಗೆ ಓಣಿಯ ತಿರುವಿನಲ್ಲೇ ಅದು ಮೂಗಿಗೆ ಬಡಿಯಿತು. ನೋಡಿದರೆ ಹೊಸದೊಂದು ದಿನಸಿ ಅಂಗಡಿ. ಬಾಗಿಲಿಗೆ ಮಾವಿನ ತೋರಣ, ಮೆಟ್ಟಿಲ ಮೇಲೆ ರಂಗೋಲಿ. ನಾನು ಕೊಟ್ಟೂರಿನ ಕಿರಾಣಿ ಅಂಗಡಿಯವರ ಹೆಂಡತಿ. ಬೇರೆ ಹೆಂಗಸರ ಕಾಲು ಸೀರೆ ಅಂಗಡಿಯ ಮುಂದೆ ನಿಂತರೆ ನನ್ನ ಕಾಲು ಕಿರಾಣಿ ಅಂಗಡಿಯ ಮುಂದೆ ನಿಲ್ಲುತ್ತದೆ. ಹಾಲು ಮರೆತು ಒಳಗೆ ಹೋದೆ.

ಬೇಕಾದದ್ದೇನೂ ಇರಲಿಲ್ಲ. ಬರಿಗೈಲಿ ಸುತ್ತಾಡಿದರೆ ಏನೆಂದುಕೊಂಡಾರೋ ಎಂದು, ಬಿಲ್ಲಿನ ಮೇಜಿನ ಹುಡುಗಿಯನ್ನು "ನವಣಕ್ಕಿ ಅದಾವೇನವ್ವ?" ಎಂದು ಕೇಳಿದೆ. ಅವಳು ತಲೆಯನ್ನೂ ಎತ್ತದೆ, "ಇಲ್ಲಾ ಆಂಟಿ, ಖಾಲಿ" ಎಂದಳು.

ಇಲ್ಲವಂತೆ, ಅದರ ಮೇಲೆ ಖಾಲಿಯಂತೆ! ಬಾಗಿಲು ತೆರೆದ ಮೊದಲ ದಿನ, ದೇವರ ಫೋಟೋದ ಮುಂದೆ ದೀಪ ಇನ್ನೂ ಉರಿಯುತ್ತಿರುವಾಗ, ಆ ಹುಡುಗಿ ಒಂದೇ ಉಸಿರಿಗೆ ಎರಡೂ ಮಾತು ಆಡಿಬಿಟ್ಟಳು. ನೀವು ನಗುತ್ತಿದ್ದೀರಿ, ನನಗೆ ಗೊತ್ತು. ನಗುವವರನ್ನು ನಮ್ಮ ಅತ್ತೆಯ ಎದುರು ಒಂದು ದಿನ ಕೂರಿಸಬೇಕಿತ್ತು.

ನಮ್ಮ ಅತ್ತೆಯ ಹೆಸರು ಗುರುಬಸಮ್ಮ. ಆದರೆ ಆ ಹೆಸರು ರೇಷನ್ ಕಾರ್ಡಿಗೆ ಮಾತ್ರ. ಮನೆಗೆ, ಓಣಿಗೆ, ಅಂಗಡಿಗೆ ಬರುವ ಗಿರಾಕಿಗೆ, ಕೊನೆಗೆ ಅವರಿಗಿಂತ ಹಿರಿಯರಾದ ಮುದುಕರಿಗೂ ಅವರು ಅವ್ವ. ನಾನು ಮದುವೆಯಾಗಿ ಹೋದ ಹೊಸತು. ನಮ್ಮದು ಹಡಗಲಿ ಕಡೆಯ ಮಾಗಳ, ತುಂಗಭದ್ರೆಯ ದಂಡೆ. ನದಿಯ ಊರಿನವಳೆಂದು ನನಗೆ ಒಂದಿಷ್ಟು ಸೊಕ್ಕೂ ಇತ್ತೆನ್ನಿ. ಅಡುಗೆಮನೆಯಿಂದ ಒಂದು ಬೆಳಿಗ್ಗೆ, "ಅವ್ವಾರ, ಅಕ್ಕಿ ಮುಗದಾವ್ರೀ" ಎಂದು ಕೂಗಿದೆ. ಪೂಜೆಗೆ ಕೂತಿದ್ದ ಅವ್ವ ವಿಭೂತಿ ಹಚ್ಚಿದ ಕೈಯಲ್ಲೇ ಎದ್ದು ಓಡಿ ಬಂದು ನನ್ನ ಬಾಯಿ ಮುಚ್ಚಿದರು. ಆಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ನನ್ನ ನಾಲಿಗೆಯ ಮೇಲೆ ಹಾಕಿದರು.

"ಹಂಗ ಅನಬಾರದವ್ವ. ಅಕ್ಕಿ ಹೆಚ್ಚಾಗ್ಯಾವ ಅನಬೇಕು."

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಎಲ್ಲರೂ ಹಾಗೇ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಕದ ಮುಚ್ಚುವುದಿಲ್ಲ, ಮುಂದೆ ಮಾಡುತ್ತಾರೆ. ನಮ್ಮ ತವರಿನಲ್ಲೂ ಇದೆಲ್ಲ ಇತ್ತು. ಮೇಷ್ಟರಾಗಿದ್ದ ನಮ್ಮಪ್ಪ ಅದನ್ನೆಲ್ಲ ಮೂಢನಂಬಿಕೆ ಎಂದು ಬಿಡಿಸಿದ್ದರು. ಅವ್ವ ನನಗೆ ಒಂದೇ ಚಿಟಿಕೆ ಸಕ್ಕರೆಯಲ್ಲಿ ಮತ್ತೆ ಹಿಡಿಸಿಬಿಟ್ಟರು. ಮನೆಯಲ್ಲೇ ಇಷ್ಟು ಕಟ್ಟುನಿಟ್ಟಾದರೆ ಅಂಗಡಿಯಲ್ಲಿ ಕೇಳಬೇಕೇ? ನಮ್ಮ ಮಾವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ಕೂತವರು ಅವ್ವ. ಅವರು ಕೂತಷ್ಟು ಕಾಲ ಆ ಅಂಗಡಿಯಲ್ಲಿ ಯಾವ ಸಾಮಾನೂ 'ಇಲ್ಲ' ಆಗಲಿಲ್ಲ, 'ಮುಗಿ'ಯಲಿಲ್ಲ. ಬರೀ ಹೆಚ್ಚಾಗುತ್ತಿತ್ತು. ಊರಿನವರಿಗೆ ತಿಳಿಯುತ್ತಿತ್ತು. "ಹೌದೇನವ್ವ? ಹಂಗಾರ ನಾಳಿಗಿ ಬರ್ತೀನಿ" ಎಂದು ಹೋಗುತ್ತಿದ್ದರು.

ಹೀಗಿರುವಾಗ ನಮ್ಮವರು, ಅಂದರೆ ನನ್ನ ಗಂಡ ಕೊಟ್ರೇಶಪ್ಪನವರು, ಯಾವುದೋ ಕೆಲಸಕ್ಕೆ ಹುಬ್ಬಳ್ಳಿಗೆ ಹೋದವರು ಅಲ್ಲೊಂದು ಅಂಗಡಿ ನೋಡಿ ಬಂದರು. ಅಲ್ಲಿ ಗಿರಾಕಿ ತಾನೇ ಒಳಗೆ ಹೋಗಿ, ತಾನೇ ಸಾಮಾನು ತೆಗೆದುಕೊಂಡು, ತಾನೇ ತಂದು ಕೊಡುತ್ತಾನಂತೆ. ಬಿಲ್ಲು ಕಂಪ್ಯೂಟರಿನಲ್ಲಿ ಬರುತ್ತದಂತೆ. ನಮ್ಮವರು ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಕೊಟ್ಟೂರಿಗೆ ಆಗಷ್ಟೇ ಮೊಬೈಲು ಕಾಲಿಟ್ಟಿದ್ದ ಕಾಲ, ಮಾತಾಡಬೇಕಾದರೆ ತಾರಸಿ ಹತ್ತಬೇಕಿತ್ತು. ಅಂಥ ಊರಿನಲ್ಲಿ ಸಂಕ್ರಾಂತಿ ಮುಗಿದ ಮೇಲೆ... ನೋಡಿ, ನನ್ನ ಬಾಯಿಗೂ ಬಂದೇಬಿಟ್ಟಿತು. ಸಂಕ್ರಾಂತಿ ಆದ ಮೇಲೆ, ನಮ್ಮ ಓಣಿಯ ಮೂಲೆಯಲ್ಲಿ ಬಿಳಿ ಟೈಲ್ಸ್ ಹಾಕಿದ, ಗಾಜಿನ ಬಾಗಿಲಿನ, ಹೊಸ ಸೂಪರ್ ಬಜಾರ್ ತೆರೆಯಿತು. ಹಳೆಯ ಅಂಗಡಿ ಗೋಡೌನ್ ಆಯಿತು.

ತೆರೆದ ದಿನದ ಚೆಂದ ಏನು ಹೇಳಲಿ! ಫಳಫಳ ನೆಲ ನೋಡಿ ಮೊದಲು ಬಂದವರು ಚಪ್ಪಲಿ ಹೊರಗೆ ಬಿಟ್ಟರು. ಅವರನ್ನು ನೋಡಿ ಹಿಂದಿನವರೂ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮುಂದೆ ಚಪ್ಪಲಿಯ ಗುಡ್ಡೆ. ಉಜ್ಜಿನಿಯ ಮರುಳಸಿದ್ದಪ್ಪನ ಗುಡಿಗೆ ಹೊರಟಿದ್ದ ಪರಸ್ಥಳದ ಭಕ್ತರು ಗುಡ್ಡೆ ನೋಡಿ, ಒಳಗಿನ ಪೂಜೆಯ ಗಂಟೆ ಸದ್ದು ಕೇಳಿ, ಬೀದಿಯಲ್ಲೇ ನಿಂತು ಕೈಮುಗಿದು ಮುಂದೆ ಹೋದರು. ಒಳಗೆ ಬಂದವರು ಯಾರೂ ಯಾವುದನ್ನೂ ಮುಟ್ಟಲೊಲ್ಲರು. "ನಿಮ್ಮ ಕೈಲೇ ತಗೊಳ್ರಿ" ಎಂದು ನಮ್ಮವರು, "ಬ್ಯಾಡ್ರಿ ಬ್ಯಾಡ್ರಿ, ನೀವ ಕೊಡ್ರಿ" ಎಂದು ಗಿರಾಕಿಗಳು. ಕುರಿ ಕಾಯುವ ಹಿರಿಯರೊಬ್ಬರು ಹೆಗಲ ಕಂಬಳಿಯನ್ನು ಸರಿಮಾಡಿಕೊಂಡು ಸಾಲುಸಾಲು ಕಪಾಟುಗಳ ನಡುವೆ ನಿಧಾನವಾಗಿ ಒಂದು ಸುತ್ತು ಹಾಕಿ, "ಭಾಳ ಚೊಲೊ ಆತು ನೋಡ್ರಿ, ಕಣ್ಣು ತುಂಬ ನೋಡಿದ್ವಿ" ಎಂದು ಹೇಳಿ ಏನೂ ಕೊಳ್ಳದೆ ಹೊರಟುಹೋದರು.

ಇನ್ನು ಅವ್ವನ ವಿಷಯ. ಹೊಸ ಅಂಗಡಿಯಲ್ಲಿ ಗಾದಿ ಇರಲಿಲ್ಲ. ನಮ್ಮವರಿಗೆ ತಾಯಿ ಮನೆಯಲ್ಲಿ ಆರಾಮಾಗಿ ಇರಲಿ ಎಂದೇ ಆಸೆ. ಆಸೆಯ ಜೊತೆಗೆ ಸ್ವಲ್ಪ ಅಂಜಿಕೆಯೂ ಇತ್ತು. ಅವ್ವ ಇದ್ದರೆ ಗಿರಾಕಿಯ ಮನೆಯ ಬಾಣಂತನದಿಂದ ಹಿಡಿದು ಎಮ್ಮೆಯ ಕಾಲುನೋವಿನ ತನಕ ಎಲ್ಲ ವಿಚಾರಿಸದೆ ಬಿಡುವವರಲ್ಲ.

"ನೀ ಇನ್ನ ಮನ್ಯಾಗ ಆರಾಮಾಗಿ ಇರವ್ವ" ಎಂದರು ನಮ್ಮವರು.

"ಮನ್ಯಾಗ ಕುಂತ್ರ ಗೋಡಿ ನೋಡಬೇಕು. ಅಂಗಡ್ಯಾಗ ಕುಂತ್ರ ಊರು ನೋಡ್ತೀನಿ. ನನಗ ಅಷ್ಟ ಬೇಕಾಗಿರದು ಕೊಟ್ರ್ಯಾ. ಸಂಬಳ ಕೇಳಿದ್ನೇನು?"

ಕೊನೆಗೆ ಒಪ್ಪಂದವಾಯಿತು. ಬಾಗಿಲ ಪಕ್ಕ ಅವ್ವನಿಗೊಂದು ಕುರ್ಚಿ. ಗೋಡೌನಿನ ಕೀಲಿ ಅವ್ವನ ಸೊಂಟದಲ್ಲೇ ಇರುತ್ತದೆ. ದಿನಾ ಸಂಜೆ ಅಲ್ಲಿ ಏನೇನಿದೆ ಎಂದು ನೋಡಿ ಹೇಳುವುದು ಅವರ ಕೆಲಸ. ಆದರೆ ಇದೆಲ್ಲ ಉಗಾದಿಯ ತನಕ. ಅಷ್ಟರಲ್ಲಿ ಹೊಸ ಪದ್ಧತಿಗೆ ಅವ್ವ ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ಮನೆ. ಅವ್ವ ಅವತ್ತು ರಾತ್ರಿ ನನ್ನ ಹತ್ತಿರ ಪಿಸುಗುಟ್ಟಿದರು: "ಉಗಾದಿ ದಾಟಿಸಿಬಿಟ್ರ ಸಾಕು ನೋಡವ್ವ. ಆಮ್ಯಾಲ ಯಾರು ಎಬ್ಬಸ್ತಾರ ನನ್ನ?" ಮಾತು ತಮಾಷೆಯದೇ ಆದರೂ ಕಣ್ಣಿನಲ್ಲಿ ಗಾಬರಿ ಇತ್ತು. ಪಾಪ ಅನಿಸಿತು ನನಗೆ.

ಗೋಡೌನಿನ ಲೆಕ್ಕವನ್ನು ಅವ್ವ ಯಾರಿಗೆ ಹೇಳಬೇಕಿತ್ತೆಂದರೆ ಮುರಳೀಧರನಿಗೆ. ಬಸ್ ನಿಲ್ದಾಣದ ಹತ್ತಿರ ಉಡುಪಿ ಹೋಟೆಲ್ ನಡೆಸುತ್ತಿದ್ದವರ ಸೋದರಳಿಯ, ಕಂಪ್ಯೂಟರ್ ಕಲಿತವನು. ನಮ್ಮವರು ಅವನನ್ನು ಮ್ಯಾನೇಜರ್ ಎಂದು ಇಟ್ಟುಕೊಂಡಿದ್ದರು. ಒಳ್ಳೆಯ ಹುಡುಗ, ತಗ್ಗಿದ ದನಿ. ಮನೆಮಾತು ತುಳು, ಕನ್ನಡವೆಲ್ಲ ಶಾಲೆಯಲ್ಲಿ ಕಲಿತದ್ದು. ಅವನು ಬಾಯಿ ತೆರೆದರೆ ಆಕಾಶವಾಣಿಯ ವಾರ್ತೆ. "ದಯವಿಟ್ಟು ಈ ಬದಿಯಿಂದ ಬನ್ನಿ" ಎಂದು ಅವನು ಹೇಳಿದರೆ ನಮ್ಮ ಗಿರಾಕಿಗಳು ತಾವೇನೋ ತಪ್ಪು ಮಾಡಿದೆವೆಂದು ಹೊರಗೇ ನಿಲ್ಲುತ್ತಿದ್ದರು. ಅವ್ವನಿಗೆ ಅವನ ಮಾತು ಬಲು ಇಷ್ಟ. "ಪುರಾಣ ಓದಿದಂಗ ಮಾತಾಡ್ತೈತಿ ನೋಡು ಕೂಸು" ಎನ್ನುತ್ತಿದ್ದರು.

ಈಗ ನಿಮಗೆ ಗೊತ್ತಾಯಿತಲ್ಲ, ಮುಂದೆ ಏನಾಗಿರಬೇಕೆಂದು?

ಉಗಾದಿ ಹತ್ತಿರ ಬಂತು. ನಮ್ಮವರು ತಂಗಿಯ ಮನೆಯ ಕೆಲಸಕ್ಕೆಂದು ಹರಪನಹಳ್ಳಿಗೆ ಹೋದರು. "ಹಬ್ಬದ ಸಾಮಾನಿಗೆ ಅವ್ವನ್ನ ಕೇಳಿ ಆರ್ಡರ್ ಕೊಡಪ್ಪ" ಎಂದು ಮುರಳೀಧರನಿಗೆ ಹೇಳಿಯೇ ಹೋದರು. ಅವತ್ತು ಸಂಜೆ ನಾನು ಅವ್ವನಿಗೆ ಚಹಾ ಕೊಡಲು ಅಂಗಡಿಗೆ ಹೋಗಿದ್ದೆ. ಮುರಳೀಧರ ಕಂಪ್ಯೂಟರಿನ ಮುಂದೆ, ಅವ್ವ ಕುರ್ಚಿಯಲ್ಲಿ.

"ಅಮ್ಮ, ಬೆಲ್ಲ ಹೇಗಿದೆ?"

"ಬೆಲ್ಲ ಹೆಚ್ಚಾಗೈತಪ್ಪ."

"ಹೆಚ್ಚಾಗಿದೆಯಾ! ಬಹಳ ಒಳ್ಳೆಯದಾಯ್ತು. ಕಡಲೆಬೇಳೆ?"

"ಅದೂ ಹೆಚ್ಚಾಗೈತಿ. ಸಕ್ರಿ ಇವತ್ತ ಹೆಚ್ಚಾತು ನೋಡು."

"ಎಲ್ಲವೂ ಹೆಚ್ಚಾದರೆ ಹೇಗಮ್ಮ?"

"ಅದನ ನೀನ ನೋಡಬೇಕಪ್ಪ. ಹಬ್ಬ ಬಂತು ಮಕದ ಮ್ಯಾಲೆ."

"ನೋಡುವ, ನೋಡುವ. ಮೆಂತ್ಯ?"

"ಮೆಂತೆ ರಗಡ ಐತಿ."

ಮುರಳೀಧರನ ಹುಬ್ಬು ಗಂಟಾಯಿತು. ನಮ್ಮ ಕಡೆ ರಗಡ ಎಂದರೆ ಬೇಕಾದಷ್ಟು. ಅವನಿಗೆ ಆ ಮಾತು ಗೊತ್ತಿಲ್ಲ. ಅವನ ಕಿವಿಗೆ ಅದು ರಗಳೆ ಎಂದು ಬಿತ್ತಂತೆ. ಮೆಂತ್ಯದ್ದು ಏನೋ ತೊಂದರೆಯಾಗಿದೆ, ಹಬ್ಬದ ಹೊತ್ತಿಗೆ ಕೈಕೊಡಬಾರದೆಂದು ಮೆಂತ್ಯಕ್ಕೆ ಆರ್ಡರ್ ಹಾಕಿದ. ಕಪಾಟು ಬರಿದಾಗುತ್ತಿದ್ದರೂ ಗೋಡೌನಿನಲ್ಲಿ ರಾಶಿಯಿದೆಯೆಂದು ನಂಬಿ ಬೆಲ್ಲ, ಬೇಳೆ, ಸಕ್ಕರೆ ಬಿಟ್ಟ. ನಾನು ಅಲ್ಲೇ ನಿಂತಿದ್ದೆನಲ್ಲ, ನನಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ಹೆಚ್ಚಾಗೈತಿ ಎಂದರು, ಒಳ್ಳೆಯದಾಯ್ತು ಎಂದ. ಎಷ್ಟು ಸಂಸ್ಕಾರದ ಹುಡುಗ, ಮುಗಿದದ್ದಕ್ಕೂ ಒಳ್ಳೆಯ ಮಾತೇ ಆಡುತ್ತಾನೆ ಎಂದುಕೊಂಡು ಲೋಟ ತೊಳೆಯಲು ಮನೆಗೆ ಬಂದೆ.

ಅಷ್ಟಕ್ಕೇ ನಿಂತಿದ್ದರೆ ಇರಲಿ. ಮುರಳೀಧರ ಶ್ರದ್ಧೆಯ ಹುಡುಗ. ಹೆಚ್ಚಾದ ಬೆಲ್ಲ ಹಬ್ಬ ಕಳೆದ ಮೇಲೆ ಯಾರಿಗೆ ಬೇಕು ಎಂದು ಯೋಚಿಸಿ, ಪೇಂಟರನ್ನು ಕರೆಸಿ ದೊಡ್ಡ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ: 'ಬೆಲ್ಲ ಹೆಚ್ಚಾಗಿದೆ! ಸಕ್ಕರೆ ಹೆಚ್ಚಾಗಿದೆ! ಕಡಲೆಬೇಳೆ ಹೆಚ್ಚಾಗಿದೆ! ಹಬ್ಬಕ್ಕೆ ಬೇಗ ಬನ್ನಿ!' ಪೇಂಟರ್ ನಮ್ಮೂರಿನವನೇ. ಕುಂಚ ಹಿಡಿದುಕೊಂಡು ತಲೆ ಕೆರೆದನಂತೆ.

"ಹೆಚ್ಚಾಗಿದ್ರ ಬೋರ್ಡ್ ಯಾಕ್ರಿ ಸರ?"

"ಜನರಿಗೆ ಗೊತ್ತಾಗಬೇಡವಾ ಮಾರಾಯ್ರೆ?"

"ಖರೇನ ಐತಿ ಬಿಡ್ರಿ. ಸುಮ್ನ ಬಂದು ಹೊಳ್ಳಿ ಹೋಗದು ತಪ್ಪತೈತಿ. ಇಷ್ಟು ನಿಯತ್ತಿನ ಅಂಗಡಿ ನಾ ನೋಡಿಲ್ಲ" ಎಂದು ಪೇಂಟರ್ ತನ್ನ ಖುಷಿಗೆ ಅಂಚಿನಲ್ಲಿ ಎರಡು ಮಾವಿನಕಾಯಿಯನ್ನೂ ಬರೆದುಕೊಟ್ಟ.

ಬಟ್ಟೆ ಅಂಗಡಿಯ ಹಣೆಗೆ ಏರಿತು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಅವರಿಗೆ ಆನಂದವೋ ಆನಂದ. ನಾಳೆಯೋ ನಾಡಿದ್ದೋ ಲಾರಿ ಬರುತ್ತದೆ, ಅಲ್ಲಿಯ ತನಕ ಊರಿಗೆ ಮರ್ಯಾದೆಯ ಮಾತಿನಲ್ಲಿ ತಿಳಿಸಿದ್ದಾನೆ ಎಂದು ಅವರು ತಿಳಿದರು. ಜನರೂ ಓದಿದರು. ನಿಂತು ಓದಿ, ಲೊಚಗುಟ್ಟಿ, ಚೀಲ ಮಡಚಿಕೊಂಡು ಹಿಂದೆ ತಿರುಗಿದರು. ಒಳಗೆ ಬಂದವರು ಕೆಲವರೇ. ಅವರನ್ನೂ ಅವ್ವ ಬಾಗಿಲಲ್ಲೇ ಹಿಡಿದರು.

"ಅವ್ವಾ, ಬೆಲ್ಲ ಹೆಚ್ಚಾಗೈತಂತ?"

"ಹೂಂನವ್ವ, ಹೆಚ್ಚಾಗೈತಿ. ಹಿಂದಿನ ಓಣಿ ಅಂಗಡ್ಯಾಗ ನೋಡು, ಅಲ್ಲಿ ಸಿಗತೈತಿ. ಸೊಸಿಗೆ ಎಷ್ಟನೇ ತಿಂಗಳಾಗ ಬಿತ್ತು?"

ಮುರಳೀಧರ ಕುರ್ಚಿಯಿಂದ ಎದ್ದೇ ಬಂದ. "ಅಮ್ಮ, ಹೆಚ್ಚಾಗಿದೆ ಅಂತ ನೀವೇ ಹೇಳ್ತೀರಿ. ಮತ್ತೆ ಬೇರೆ ಅಂಗಡಿಗೆ ಯಾಕೆ ಕಳಿಸ್ತೀರಿ?"

"ಹೆಚ್ಚಾಗಿದ್ದಕ್ಕ ಕಳಿಸಾಕ ಹತ್ತೀನಪ್ಪ! ಇದ್ರ ಯಾಕ ಕಳಿಸ್ಲಿ?"

ಮುರಳೀಧರ ಹಣೆಯ ಬೆವರು ಒರೆಸಿಕೊಂಡು ಹೋಗಿ ಕೂತ. ಘಟ್ಟದ ಮೇಲಿನವರ ವ್ಯಾಪಾರದ ಗುಟ್ಟು ತನಗೆ ಇನ್ನೂ ತಿಳಿದಿಲ್ಲವೆಂದುಕೊಂಡನಂತೆ. ಅದೇ ಹೊತ್ತಿಗೆ ಮೆಂತ್ಯದ ಚೀಲಗಳು ಬಂದಿಳಿದು, ಹಮಾಲರ ಹೆಗಲೇರಿ ಗೋಡೌನ್ ಸೇರಿದವು.

ಉಗಾದಿಯ ಹಿಂದಿನ ಮಧ್ಯಾಹ್ನ ನಮ್ಮವರು ಬಸ್ಸಿಳಿದು ಬಂದರು. ದೂರದಿಂದಲೇ ಬಟ್ಟೆ ಕಂಡಿತು. ಹಬ್ಬದ ಮುನ್ನಾದಿನ ಬೆಲ್ಲ ಮುಗಿದಿದೆಯೆಂದು ಡಂಗುರ ಸಾರಿದ ಅಂಗಡಿಯನ್ನು ಅವರು ಅಷ್ಟರವರೆಗೆ ಕಂಡಿರಲಿಲ್ಲ. ಓಡುತ್ತಾ ಬಂದು ಮುರಳೀಧರನ ಮೇಲೆ ಕೂಗಾಡಿದರು. ಅವನು ಕೈ ಮುಗಿದು, "ಸರ್, ಬೆಲ್ಲ ಮುಗಿದಿಲ್ಲ. ಹೆಚ್ಚಾಗಿದೆ. ಬಹಳ ಹೆಚ್ಚಾಗಿದೆ. ಅಮ್ಮನೇ ಹೇಳಿದ್ದು" ಎಂದ. ನಮ್ಮವರಿಗೆ ಹೋದ ಜೀವ ಬಂದಂತಾಯಿತು. ಓಹೋ, ಇವನದು ಪುಸ್ತಕದ ಕನ್ನಡ, ನಿಜವಾಗಿಯೂ ಹೆಚ್ಚಾಗಿದೆ ಎಂದು ನಗುತ್ತಾ ಅವ್ವನಿಂದ ಕೀಲಿ ತೆಗೆದುಕೊಂಡು ಗೋಡೌನಿಗೆ ಹೋದರು. ಕದ ತೆಗೆದರು. ಒಳಗೆ ಒಂದು ಮೂಲೆಯಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಬೆಕ್ಕು ಮಲಗಿತ್ತು. ಉಳಿದ ಮೂಲೆಗಳ ತುಂಬ ಮೆಂತ್ಯ.

ಆಮೇಲಿನದು ನಗುವ ಮಾತಲ್ಲ. ನಮ್ಮವರು ಹಳೆಯ ಅಂಗಡಿ ಬಿಟ್ಟು ಹೊಸದನ್ನು ಮಾಡುವಾಗ ಊರೆಲ್ಲ ಅಡ್ಡಮಾತು ಆಡಿತ್ತು. ಮೊದಲ ಹಬ್ಬಕ್ಕೆ ಗೆದ್ದು ತೋರಿಸಬೇಕೆಂದು ಅವರು ಹಗಲಿರುಳು ದುಡಿದಿದ್ದರು. ಆ ಸಿಟ್ಟೆಲ್ಲ ಈಗ ಕುರ್ಚಿಯ ಮೇಲೆ ಕೂತವರ ಮೇಲೆ ಹರಿಯಿತು.

"ಅವ್ವಾ, ಇಲ್ಲ ಅಂದ್ರ ಇಲ್ಲ ಅನಬೇಕು! ಮುಗದ್ರ ಮುಗೀತು ಅನಬೇಕು! ಏನಾಗತೈತಿ ಅಂದ್ರ?"

"ಅಂಗಡ್ಯಾಗ ಕುಂತು ಆ ಮಾತು ಅನ್ನಂತೀಯೇನು? ಒಂದು ದಿನ ಅಂದಾಕಿ ಅಲ್ಲ. ಅದಕ್ಕ ಇಷ್ಟು ವರ್ಷ ಬಾಗಲಾ ತೆರದು ಕುಂತೀವಿ."

"ಹೌದು, ಹಂಗ ಅಂದ ಇವತ್ತ ಬಾಗಲಾ ಹಾಕೋಂಗ ಆತು! ಸಾಕು. ನಾಳಿಂದ ನೀ ಮನ್ಯಾಗ ಇರು."

ಗಿರಾಕಿಗಳು ಇದ್ದರು. ಅವ್ವ ಎದ್ದು, ಸೆರಗು ಸರಿಮಾಡಿಕೊಂಡು, ಮಗ ಮೇಜಿನ ಮೇಲೆ ಎಸೆದಿದ್ದ ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಮನೆಗೆ ನಡೆದರು. ಮುರಳೀಧರ ಅಳುವುದೊಂದು ಬಾಕಿ.

ಉಗಾದಿ ದಿನ ಊರಿಗೆಲ್ಲ ಬೇವು ಬೆಲ್ಲ, ನಮಗೆ ಮೆಂತ್ಯ. ಕಿರಾಣಿ ಅಂಗಡಿಯವರ ಸೊಸೆ ನಾನು ಬಟ್ಟಲು ಹಿಡಿದು ಪಕ್ಕದ ಮನೆಗೆ ಬೆಲ್ಲ ಕೇಳಲು ಹೋದೆ. ನೆರೆಯ ಅಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಅಯ್ಯ, ನಿಮ್ಮ ಮನ್ಯಾಗೂ ಹೆಚ್ಚಾಗೈತೇನ?" ಎಂದಳು. ನಗು ತಡೆಯಲಾರದೆ ಅವಳು, ನಾಚಿಕೆ ತಡೆಯಲಾರದೆ ನಾನು. ಹೋಳಿಗೆಯನ್ನೇನೋ ಮಾಡಿದೆ. ಅವ್ವ ಒಂದು ತುಂಡು ಮುರಿದು ಬಾಯಿಗಿಟ್ಟು ಸುಮ್ಮನಾದರು. ಹಬ್ಬದ ದಿನ ಅವರ ಬಾಯಿ ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ಗಂಡನ ಮೇಲೆ ಕೆಟ್ಟ ಸಿಟ್ಟು ಬಂತು. ಹಾಗೆಂದು ಅವರ ತಪ್ಪೂ ಅಲ್ಲವಲ್ಲ! ಮನೆಯ ನಡುವೆ ನಿಂತ ಹೆಂಗಸಿನ ಪಾಡು ಇದೇ.

ಹಬ್ಬದ ಮರುದಿನದಿಂದ ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಅಂಗಡಿಗೆ ಹೋಗುವವರು ಕಟ್ಟೆಯ ಮುಂದೆಯೇ ಹಾಯಬೇಕು. ಹಾಯುವವರು ನಿಂತರು, ನಿಂತವರು ಕೂತರು, ಕೂತವರು ಯಾತಕ್ಕೆ ಹೊರಟಿದ್ದೆವೆಂಬುದನ್ನೇ ಮರೆತು ಮನೆಗೆ ಹೋದರು. ಅತ್ತ ಅಂಗಡಿಯಲ್ಲಿ ಮುರಳೀಧರ ಪಾಠ ಕಲಿತಿದ್ದ. ಬೆಳಿಗ್ಗೆ ಬೋಣಿಗೆಗೆ ಬಂದ ಒಬ್ಬ ಯಜಮಾನರು ಹುಣಸೆಹಣ್ಣು ಕೇಳಿದರೆ, ಸ್ಪಷ್ಟವಾಗಿ "ಇಲ್ಲ. ಮುಗಿದಿದೆ" ಎಂದ. ದಿನದ ಮೊದಲ ಗಿರಾಕಿಗೆ ಆ ಮಾತು! ಯಜಮಾನರು ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಬ್ಯಾರೆ ಏನರ ಅನ್ರಿ. ಅಲ್ಲೀತನ ಏಳಂಗಿಲ್ಲ" ಎಂದು ಹಟ. ನಮ್ಮವರು ಬಂದು ಒಂದು ಉಪ್ಪಿನ ಪೊಟ್ಟಣ ಅವರ ಕೈಗಿಟ್ಟು ಎಬ್ಬಿಸಬೇಕಾಯಿತು. "ಅವ್ವ ಇದ್ರ ಹಿಂಗ ಆಕ್ಕಿರಲಿಲ್ಲ" ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು.

ನಮ್ಮವರು ಅದನ್ನು ಕೇಳಿಸಿಕೊಂಡರು. ಕೇಳಿಸಿಕೊಂಡೂ ಬಗ್ಗಲಿಲ್ಲ. ಗಂಡಸರ ಕುತ್ತಿಗೆ ನಿಮಗೆ ಗೊತ್ತೇ ಇದೆ.

ಮುಂದೊಂದು ಮಧ್ಯಾಹ್ನ ಹೊಸ ಸಾಮಾನಿನ ಲಾರಿ ಬಂತು. ನಮ್ಮವರು ಊಟಕ್ಕೆ ಕೂತಿದ್ದರು. ಅವ್ವ ಎದುರು ಕೂತು ಬಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ನಮ್ಮವರು ತಟ್ಟೆ ನೋಡುತ್ತಲೇ, "ಅವ್ವಾ, ಗೋಡೌನ್ ಕೀಲಿ ಕೊಡು. ಇನ್ನ ಅದು ನನ್ನ ಹಂತೇಲಿ ಇರಲಿ" ಎಂದರು.

ಅವ್ವ ಸೊಂಟದಿಂದ ಕೀಲಿ ತೆಗೆದು ತಟ್ಟೆಯ ಪಕ್ಕ ಇಟ್ಟರು. ತುಟಿ ಒಂದೆರಡು ಸಲ ಅಲುಗಿತು.

"ತಗೋಪ. ನಂದು ಅಂಗಡಿ ಮುಗೀತು."

ನನ್ನ ಕೈಯ ಸೌಟು ನಿಂತಲ್ಲೇ ನಿಂತಿತು. ನಮ್ಮವರ ತುತ್ತು ಅರ್ಧ ದಾರಿಯಲ್ಲಿ. ಹುಟ್ಟಿದಾಗಿನಿಂದ ಆ ತಾಯಿಯ ಬಾಯಲ್ಲಿ ಅವರು ಕೇಳದಿದ್ದ ಮಾತು ಅದು. ಗಂಡ ಸತ್ತಾಗಲೂ ಆಕೆ ಆ ಮಾತು ಆಡಿರಲಿಲ್ಲವಂತೆ.

"ಅವ್ವಾ, ಹಂಗ ಅನಬ್ಯಾಡ!"

"ನೀನ ಅಂದ್ಯಲ್ಲ, ಮುಗದ್ರ ಮುಗೀತು ಅನಬೇಕು ಅಂತ. ಕಲ್ತೆ ನೋಡು."

ನಮ್ಮವರ ಮುಖ ಸಣ್ಣ ಹುಡುಗನ ಮುಖವಾಯಿತು. ತುತ್ತನ್ನು ತಟ್ಟೆಗೆ ಹಾಕಿ ಕೀಲಿಯನ್ನು ಎಡಗೈಯಿಂದ ಅವ್ವನ ಕಡೆ ತಳ್ಳಿದರು. "ಕೀಲಿ ಬ್ಯಾಡ ನನಗ. ನಡಿ ಅಂಗಡಿಗೆ."

"ಮೊದಲ ಉಣ್ಣು."

"ನೀ ಬರ್ತೀನಿ ಅನ್ನಾತನ ಉಣ್ಣಂಗಿಲ್ಲ."

"ಏನಲೇ ಕೊಟ್ರ್ಯಾ, ಭಾಳ ಹೆಚ್ಚಾತು ನಿಂದು!" ಎಂದು ಅವ್ವ ಗದರಿದರು. ಗದರಿದ ಮೇಲೆ ತಾವೇನು ಅಂದೆವೆಂದು ಅವರಿಗೇ ಹೊಳೆಯಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಮ್ಮವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವ್ವನೂ ನಕ್ಕುಬಿಟ್ಟರು. ನಗುನಗುತ್ತಲೇ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದರು.

ನಮ್ಮವರು ಅಂಗಡಿಗೆ ಹೊರಟ ಮೇಲೆ ಅವ್ವ ಅಡುಗೆಮನೆಗೆ ಬಂದರು. ಬಂದವರೇ ಎರಡೂ ಗಲ್ಲಕ್ಕೆ ಪಟಪಟ ಬಡಿದುಕೊಂಡರು. "ಮರುಳಸಿದ್ದಪ್ಪಾ, ತಪ್ಪಾತು. ಆ ಮಾತು ಅನ್ನಾಕ ಹಬ್ಬದಿಂದ ನೋಡಾಕ ಹತ್ತೀನಿ, ನಾಲಿಗಿ ಏಳವಲ್ದು. ಒಂದೀಟು ಸಕ್ರಿ ಕೊಡವ್ವ ಬಾಯಿಗೆ." ಡಬ್ಬಿ ತೆಗೆದು ನೋಡಿದೆ. ತಳ ಕಂಡಿತು.

"ಸಕ್ರಿ ಹೆಚ್ಚಾಗೈತ್ರಿ ಅವ್ವಾರ" ಎಂದೆ.

ಮರುದಿನ ಬೆಳಿಗ್ಗೆ ಅವ್ವ ಕುರ್ಚಿಯಲ್ಲಿದ್ದರು. ಮುರಳೀಧರ ಅವರ ಕಾಲು ಮುಟ್ಟಿ, "ಅಮ್ಮ, ನಿಮ್ಮ ಕನ್ನಡ ನನಗೆ ಕಲಿಸಬೇಕು" ಎಂದ. ಕಲಿತ, ಚೆನ್ನಾಗಿಯೇ ಕಲಿತ. ಕೊನೆಕೊನೆಗೆ ತನ್ನ ಸೋದರಮಾವನ ಹೋಟೆಲಿನಲ್ಲಿ ಕೂತು, "ಚಟ್ನಿ ಹೆಚ್ಚಾಗಿದೆಯಾ ಮಾವ?" ಎಂದು ಕೇಳುತ್ತಿದ್ದನಂತೆ. ಮಾವ ಪಾಪ, ಹೌದಾ ಎಂದು ಚಟ್ನಿ ಕಡಿಮೆ ಹಾಕುತ್ತಿದ್ದರಂತೆ. ಮೆಂತ್ಯದ ಗತಿ ಕೇಳಬೇಡಿ. ನಮ್ಮ ಮನೆಯಲ್ಲಿ ಬಹಳ ಕಾಲ ಮೆಂತ್ಯದ ಹಿಟ್ಟು, ಮೆಂತ್ಯದ ಗಂಜಿ, ತಲೆಗೆ ಮೆಂತ್ಯದ ಲೇಪ. ಓಣಿಯ ಹೆಂಗಸರ ಕೂದಲು ಆ ವರ್ಷ ಬೆಳೆದಷ್ಟು ಮತ್ತೆಂದೂ ಬೆಳೆಯಲಿಲ್ಲ. ಕೆಲವು ವರ್ಷಗಳಾದ ಮೇಲೆ ಮುರಳೀಧರ ದಾವಣಗೆರೆಯಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿ ಹೊರಟ. ನಾವೂ ನಮ್ಮ ಪಾಡಿಗೆ ಇದ್ದೆವು, ಅವನೂ ಅವನ ಪಾಡಿಗೆ.

ಇಷ್ಟನ್ನೆಲ್ಲ ಬಿಲ್ಲಿನ ಮೇಜಿನ ಆ ಹುಡುಗಿಗೆ ಹೇಳಲಾದೀತೇ? ನನ್ನ ಹಿಂದೆ ಗಿರಾಕಿಗಳು ಸಾಲು ನಿಂತಿದ್ದರು. ಸುಮ್ಮನೆ ತಿರುಗಿ ಹೊರಟೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಯಾರೋ, "ಅಕ್ಕಾ! ಕೊಟ್ಟೂರಿನ ಅಕ್ಕ ಅಲ್ವಾ?" ಎಂದರು. ಕೂದಲು ಅರ್ಧ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ಹಣೆಯಲ್ಲಿ ಪೂಜೆಯ ಕುಂಕುಮ. ದನಿ ಮಾತ್ರ ಅದೇ ತಗ್ಗಿದ ದನಿ. ಮುರಳೀಧರ! ಬೇರೆಯವರ ಅಂಗಡಿಗಳಲ್ಲಿ ದುಡಿದು ದುಡಿದು ಕೊನೆಗೆ ಸ್ವಂತದ್ದು ತೆರೆದಿದ್ದಾನೆ. ನನಗೆ ತಮ್ಮನನ್ನು ಕಂಡಷ್ಟು ಸಂತೋಷವಾಯಿತು. ಕುರ್ಚಿ ತರಿಸಿದ, ಲಾಡು ಕೊಟ್ಟ, ಹೆಂಡತಿಯನ್ನು ಕರೆದು ತೋರಿಸಿದ.

"ಅಮ್ಮ ಹೇಗಿದ್ದಾರೆ ಅಕ್ಕ? ಈಗಲೂ ಅಂಗಡಿಗೆ ಬರ್ತಾರಾ?"

ಬಾಯಿಗೆ ಒಯ್ದಿದ್ದ ಲಾಡನ್ನು ಕೆಳಗಿಳಿಸಿದೆ. ಅವನಿಗೆ ತಿಳಿದಿಲ್ಲ. ಹೇಳಬೇಕಾದದ್ದು ಒಂದೇ ಮಾತು, ಎಲ್ಲರೂ ಹೇಳುವ ಮಾತು. ಆದರೆ ಅವನ ಹೊಸ ಅಂಗಡಿ, ಮೊದಲ ದಿನ, ಸುತ್ತ ಗಿರಾಕಿಗಳು. ಅಂಗಡಿಯ ಮಾತು ಹಾಗಿರಲಿ, ನನ್ನ ನಾಲಿಗೆಗೇ ಅದು ಬೇಕಿರಲಿಲ್ಲ.

"ಅದಾರಪ್ಪ. ಅಂಗಡ್ಯಾಗ ಅದಾರ" ಎಂದೆ.

"ಈ ವಯಸ್ಸಿನಲ್ಲೂ? ಕುರ್ಚಿ ಬಿಟ್ಟೇ ಇಲ್ಲ ಹಾಗಾದರೆ!"

"ಕುರ್ಚಿ ಬಿಟ್ಟಾರ. ಈಗ ಸ್ವಲ್ಪ ಮ್ಯಾಲ ಕುಂತಾರ."

ಅವನ ನಗು ಹಾಗೇ ನಿಂತಿತು. ನನ್ನ ಮುಖ ನೋಡಿದ. ಈ ಸಲ ಅವನಿಗೆ ನಮ್ಮ ಮಾತು ಒಂದೇ ಸಲಕ್ಕೆ ಅರ್ಥವಾಯಿತು. ಯಾವಾಗ ಎಂದು ಕೇಳಲಿಲ್ಲ, ಹೇಗೆ ಎಂದು ಕೇಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

"ಗಿರಾಕಿಗಳು ಕಾಣ್ತಾರಾ ಅಕ್ಕ, ಅಲ್ಲಿಂದ?"

"ಬಾಗಲಿಗೆ ಎದರಾಬದರಾ ಫೋಟೋ ಹಾಕೀವಪ್ಪ. ಒಳಗ ಬಂದಾರೆಲ್ಲ ಮೊದಲ ಅವರ ಮಕ ನೋಡೇ ಬರ್ತಾರ" ಎಂದೆ. ಎಂದು, ಪರ ಊರಿನ ಅಂಗಡಿಯಲ್ಲಿ, ಅಷ್ಟು ಜನರ ನಡುವೆ, ಲಾಡು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ.